ಏಳು ಲಕ್ಷದಲ್ಲಿ ಒಂದನ್ನು ಹುಡುಕುವ ಬೆಳಕು

ಪಾವಗಡದ ಕಡೆಯ ಆಳದ ಬೋರ್‌ವೆಲ್ ನೀರು ನೋಡಲು ತಿಳಿ, ವಾಸನೆಯೂ ಇಲ್ಲ. ಅದರಲ್ಲಿ ಫ್ಲೋರೈಡ್ ಹೆಚ್ಚಿದೆ ಎಂಬುದು ಮಕ್ಕಳ ಹಲ್ಲಿನ ಕಂದು ಕಲೆಯಿಂದಲೋ ಹಿರಿಯರ ಸೆಟೆದ ಬೆನ್ನಿನಿಂದಲೋ ಗೊತ್ತಾಗುವ ಹೊತ್ತಿಗೆ ವರ್ಷಗಟ್ಟಲೆ ಕುಡಿದಾಗಿರುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ನೀರಿಗೆ ಬಿಟ್ಟ ಕೂಡಲೇ ಹೊಳೆದು ‘ಇದೆ’ ಎನ್ನುವ ಅಣು ಸಿಕ್ಕರೆ? ಇಂಥ ಪ್ರತಿದೀಪ್ತಿ ಸೆನ್ಸರ್‌ಗಳ ಬೆನ್ನುಹತ್ತಿದವರಲ್ಲಿ ಅಮೆರಿಕದ ಆಂಟನಿ ಚಾರ್ನಿಕ್ ಒಬ್ಬರು. 1989ರಲ್ಲಿ ಅವರ ತಂಡ ಆಂಥ್ರಸೀನ್ ಅಣುವಿಗೆ ಅಮೀನುಗಳ ಬಾಲ ಜೋಡಿಸಿ ನೀರಿನಲ್ಲೇ ಫಾಸ್ಫೇಟ್ ಪತ್ತೆ ಮಾಡಿತು. ಅಮೀನಿನ ಎಲೆಕ್ಟ್ರಾನ್ ಆಂಥ್ರಸೀನ್‌ಗೆ ಹಾರಿ ಅದರ ಬೆಳಕನ್ನು ನಂದಿಸುತ್ತಿರುತ್ತದೆ. ಫಾಸ್ಫೇಟ್ ಬಂದು ತನ್ನ ಪ್ರೋಟಾನನ್ನು ಆ ಅಮೀನಿಗೆ ಕೊಟ್ಟರೆ ಎಲೆಕ್ಟ್ರಾನ್ ಅಲ್ಲೇ ಸಿಕ್ಕಿಬೀಳುತ್ತದೆ, ಅಣು ನೀಲಿಯಾಗಿ ಹೊಳೆಯುತ್ತದೆ.

ಫ್ಲೋರೈಡ್ ಇಷ್ಟು ಸುಲಭಕ್ಕೆ ಬಗ್ಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಎಂಬುದು ಗರಿಷ್ಠ ಮಿತಿ. ಅಂದರೆ ಸುಮಾರು 7 ಲಕ್ಷ ನೀರಿನ ಅಣುಗಳ ನಡುವೆ ಒಂದೇ ಫ್ಲೋರೈಡ್. ಸಾಲದ್ದಕ್ಕೆ, ಈ ಪುಟ್ಟ ಅಯಾನನ್ನು ನೀರಿನ ಅಣುಗಳು ಮದುವೆಮನೆಯ ನೆಂಟರಂತೆ ಮುತ್ತಿಕೊಂಡಿರುತ್ತವೆ. ಸೆನ್ಸರ್‌ಗೆ ಹತ್ತಿರ ಹೋಗಲು ದಾರಿಯೇ ಇಲ್ಲ. ಹಾಗಾಗಿಯೇ ಪತ್ರಿಕೆಗಳಲ್ಲಿ ಮಿಂಚಿದ ಎಷ್ಟೋ ಫ್ಲೋರೈಡ್ ಸೆನ್ಸರ್‌ಗಳು ಕೆಲಸ ಮಾಡಿದ್ದು ಅಸಿಟೋನೈಟ್ರೈಲ್‌ನಂಥ ದ್ರಾವಕಗಳಲ್ಲಿ. ಅದನ್ನು ಯಾರೂ ಕುಡಿಯುವುದಿಲ್ಲವಲ್ಲ!

ಈ ಗೋಡೆ ದಾಟಲು ಹೂಡಿದ ಉಪಾಯಗಳಲ್ಲಿ ನನಗೆ ಜಾಣತನದ್ದೆನಿಸುವುದು ಸಿಲಿಕಾನ್‌ನದು. ಹೊಳೆಯುವ ಬಣ್ಣದ ಅಣುವೊಂದರ ಆಕ್ಸಿಜನ್‌ಗೆ ಸಿಲಿಕಾನ್ ಗುಂಪೊಂದನ್ನು ಕಟ್ಟಿ ಅದರ ಹೊಳಪನ್ನು ಮೊದಲೇ ಅಡಗಿಸಿಡುತ್ತಾರೆ. ಸಿಲಿಕಾನ್ ಕಂಡರೆ ಫ್ಲೋರೈಡ್‌ಗೆ ಎಲ್ಲಿಲ್ಲದ ಸೆಳೆತ. ನೀರಿನ ನಂಟನ್ನು ಬಿಟ್ಟು ಬಂದು ಆ ಕಟ್ಟನ್ನು ಕಡಿಯುತ್ತದೆ. ಬಿಡುಗಡೆಯಾದ ಬಣ್ಣ ನೇರಳಾತೀತ ದೀಪದಡಿ ಬೆಳಗುತ್ತದೆ. ಆದರೆ ಕಡಿದ ಕಟ್ಟು ಮತ್ತೆ ಕೂಡದು, ಒಮ್ಮೆ ಬಳಸಿದರೆ ಮುಗಿಯಿತು. ನೀರಿನಲ್ಲಿ ಕ್ರಿಯೆಯೂ ನಿಧಾನ. ಅದಕ್ಕೆಂದೇ ಸೋಪಿನಂಥ ರಾಸಾಯನಿಕ ಸೇರಿಸಿ ವೇಗ ಹೆಚ್ಚಿಸುವವರಿದ್ದಾರೆ.

ಸದ್ಯ ಹಳ್ಳಿಗಳಲ್ಲಿ ನಡೆಯುವುದು ಜಿರ್ಕೋನಿಯಂ ಬಣ್ಣದ ಕಿಟ್: ಫ್ಲೋರೈಡ್ ಹೆಚ್ಚಿದಂತೆ ಗುಲಾಬಿ ಬಣ್ಣ ಹಳದಿಯತ್ತ ತಿರುಗುತ್ತದೆ. 1 ಮಿಲಿಗ್ರಾಂ ಎಲ್ಲಿ, ಒಂದೂವರೆ ಎಲ್ಲಿ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಪ್ರಯೋಗಾಲಯಗಳು ನಂಬುವುದು 1966ರಲ್ಲಿ ಬಂದ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡನ್ನು. ಹೊಳೆಯುವ ಅಣುಗಳು ಇವೆರಡರ ನಡುವೆ ಜಾಗ ಹುಡುಕುತ್ತಿವೆ. ಹೊಸ ಸೆನ್ಸರ್ ಬಂದಿದೆ ಎಂಬ ಸುದ್ದಿ ಓದಿದಾಗ ಮೊದಲು ಕೇಳಬೇಕಾದ್ದು: ಪರೀಕ್ಷೆ ಮಾಡಿದ್ದು ಯಾವ ದ್ರವದಲ್ಲಿ? ಬೈಕಾರ್ಬನೇಟ್‌ನಂಥ ಬೇರೆ ಅಯಾನುಗಳು ತುಂಬಿದ ಬೋರ್‌ವೆಲ್ ನೀರಿನಲ್ಲೂ ಅದು ಹೊಳೆಯಿತೇ?