ನಲವತ್ತಮೂರಕ್ಕೆ ಎಂಟು

ಮೂಡಿಗೆರೆ ಸೀಮೆಯಲ್ಲಿ ಮಳೆ ಹಿಂದೆ ಸರಿದು ಅರೇಬಿಕಾ ಹಣ್ಣಿಗೆ ಬಣ್ಣ ತಿರುಗುವ ಹೊತ್ತಿಗೆ ಜೀಪ್ ಗ್ಯಾರೇಜುಗಳ ಮುಂದೆ ಗಾಡಿಗಳ ಸಾಲು ಬೆಳೆಯುತ್ತದೆ. ಇನ್ನೇನು ಕೊಯ್ಲು ಶುರು. ಲಾರಿ ಇಳಿಯದ, ಟ್ರೈಲರ್ ತಿರುಗದ ದಾರಿಯಲ್ಲಿ ತೋಟದ ತಗ್ಗಿನಿಂದ ಕಣದವರೆಗೆ ಹಣ್ಣಿನ ಮೂಟೆ ಹತ್ತಿಸಬೇಕು. ಅದಕ್ಕೆ ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಆಗಬೇಕು. ರಸ್ತೆ ಬದಿಯ ಈ ತಗಡಿನ ಶೆಡ್ಡಿನೊಳಗೆ ಮೂತಿ ಎತ್ತಿ ನಿಂತಿರುವುದು ಅಂಥದ್ದೇ ಒಂದು: ಎತ್ತರದ ಬಾನೆಟ್ಟಿನ ಹಳೆಯ ಮಹೀಂದ್ರ ಜೀಪು, ಹಿಂಭಾಗ ಕತ್ತರಿಸಿ ಪಿಕಪ್ ಬಾಡಿ ಕಟ್ಟಿಸಿದ್ದು. ಮುಂದಿನ ಗಾಲಿಗಳು ಬಿಚ್ಚಿಕೊಂಡು ಗೋಡೆಗೆ ಒರಗಿವೆ. ಚಾಸಿಸ್ ಕೆಳಗೆ ಸಿಲ್ವರ್ ಓಕ್ ದಿಮ್ಮಿಗಳು.

ಮೇಸ್ತ್ರಿ ಮುಂದಿನ ಡಿಫರೆನ್ಷಿಯಲ್ಲಿನ ಅಡಿಯ ಪ್ಲಗ್ ಸಡಿಲಿಸಿದರು. ಮೊದಲು ಒಂದಿಷ್ಟು ನೀರು ಬಂತು. ಅದರ ಹಿಂದೆ ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿ ನೈಂಟಿ ಆಯಿಲ್. ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಉಕ್ಕಿನ ಚೂರು ಮಿನುಗುತ್ತಿವೆ.

"ನೋಡಿ ಗೌಡ್ರೇ, ಮಳೆಗಾಲ ಪೂರ್ತಿ ಇದನ್ನೇ ಕುಡ್ಕೊಂಡು ಓಡಿದೆ," ಎಂದು ಜೀಪಿನ ಯಜಮಾನರಿಗೆ ತೋರಿಸಿದರು.

ನೀರು ಒಳಗೆ ಹೋದದ್ದು ಹೇಗೆ ಎಂಬುದು ತಿಳಿದಿರಬೇಕಾದ ಸಂಗತಿ. ಏರು ಹತ್ತಿ ಬಂದ ಗಾಡಿಯ ಹೌಸಿಂಗ್ ಕಾದಿರುತ್ತದೆ, ಒಳಗಿನ ಗಾಳಿಯೂ ಬಿಸಿಯಾಗಿರುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕಿಳಿದರೆ ತಣ್ಣೀರು ತಾಗಿ ಗಾಳಿ ಕುಗ್ಗುತ್ತದೆ. ಉಸಿರಾಟಕ್ಕೆಂದು ಇಟ್ಟಿರುವ ಬ್ರೀದರ್ ಕೆಸರಿನಿಂದ ಮುಚ್ಚಿಹೋಗಿದ್ದರೆ, ಒಳಗಿನ ಎಳೆತ ಸವೆದ ಸೀಲಿನ ಸಂದಿಯಿಂದಲೇ ನೀರು ಹೀರಿಕೊಳ್ಳುತ್ತದೆ. ನೀರು ಬೆರೆತ ಆಯಿಲ್ ಗೇರಿನ ಹಲ್ಲಿನ ಮೇಲೆ ನಿಲ್ಲುವುದಿಲ್ಲ. ಬೇರಿಂಗಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ, ಕ್ರೌನ್ ಎಂಬ ದೊಡ್ಡ ಗೇರು ಅಲುಗತೊಡಗುತ್ತದೆ, ಒಂದು ದಿನ ಹಲ್ಲು ಹಾರುತ್ತದೆ.

ಇನ್ನೊಂದು ಕಾರಣವೂ ಇದೆ, ಅದನ್ನು ಹೇಳುವಾಗ ಮೇಸ್ತ್ರಿಯ ದನಿ ಸ್ವಲ್ಪ ಬಿರುಸಾಯಿತು. ಈ ಜೀಪುಗಳಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ವ್ಯತ್ಯಾಸ ಸರಿದೂಗಿಸುವ ಏರ್ಪಾಡು ಯಾವುದೂ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ. ಕೆಸರಲ್ಲಾದರೆ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರಲು ಜಾಗವಿಲ್ಲದೆ ಆ ಎಳೆದಾಟವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಗುಡ್ಡ ಇಳಿದ ಮೇಲೂ ನಾಲ್ಕು ಗಾಲಿಯ ಲಿವರ್ ತೆಗೆಯದೆ ಪೇಟೆಯವರೆಗೆ ಓಡಿಸುವ ಡ್ರೈವರುಗಳಿಂದ ಹೋದ ಕ್ರೌನ್‌ಗಳಿಗೆ ಲೆಕ್ಕವಿಲ್ಲ ಎಂದರು.

ಬಿಚ್ಚುವ ಕೆಲಸ ದೀರ್ಘ. ಹಬ್, ಡ್ರಮ್, ಬ್ರೇಕಿನ ತಟ್ಟೆ ಎಲ್ಲ ಕಳಚಿದ ಮೇಲಷ್ಟೇ ಎರಡೂ ಕಡೆಯ ಎಕ್ಸೆಲ್ ಶಾಫ್ಟು ಹೊರಬರುತ್ತವೆ. ಆಮೇಲೆ ಹತ್ತು ಬೋಲ್ಟಿನ ಮುಚ್ಚಳ. ಮುಚ್ಚಳ ತೆಗೆದರೆ ಬೇರಿಂಗ್ ಹಿಡಿದಿರುವ ಎರಡು ಕ್ಯಾಪುಗಳು. ಬಿಚ್ಚುವ ಮೊದಲು ಮೇಸ್ತ್ರಿ ಎಡಗಡೆಯದಕ್ಕೆ ಒಂದು, ಬಲಗಡೆಯದಕ್ಕೆ ಎರಡು ಚುಕ್ಕೆ ಪಂಚಿನಿಂದ ಹೊಡೆದರು. ಅದಲುಬದಲಾದರೆ ಬೇರಿಂಗ್ ನೆಟ್ಟಗೆ ಕೂರುವುದಿಲ್ಲ. ಎರಡು ಹಾರೆ ಕೊಟ್ಟು ಮೀಟಿದಾಗ ಕ್ರೌನ್ ಹೊತ್ತ ಗಡ್ಡೆ ಧಡ್ಡನೆ ಸಡಿಲಾಗಿ ಸಹಾಯಕ ಹುಡುಗನ ಕೈಗೆ ಬಂತು. ಮೂರು ಹಲ್ಲಿನ ತುದಿ ಇಲ್ಲ. ಅದಕ್ಕೆ ಕಚ್ಚುವ ಚಿಕ್ಕ ಗೇರು ಪಿನಿಯನ್ನಿನ ಹಲ್ಲುಗಳು ಒಂದೇ ಕಡೆಗೆ ತೇಯ್ದು ಅಂಚು ಹರಿತವಾಗಿದೆ.

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ತರಿಸಿದ ಬದಲಿ ಸೆಟ್ ಗೋಣಿಯಲ್ಲಿದೆ. ಅದಕ್ಕೆ ಕೈ ಹಾಕುವ ಮುನ್ನ ಮೇಸ್ತ್ರಿ ಹಿಂದಿನ ಗೇರಿನ ಲೆಕ್ಕ ತಿಳಿಯಲು ಜೀಪಿನ ಹಿಂಬದಿಗೆ ಹೋದರು. ಹಿಂದಿನ ಒಂದು ಗಾಲಿಯನ್ನಷ್ಟೇ ಜಾಕಿಯಲ್ಲಿ ಎತ್ತಿ, ಟೈರಿಗೊಂದು ಪ್ರೊಪೆಲ್ಲರ್ ಶಾಫ್ಟಿಗೊಂದು ಸೀಮೆಸುಣ್ಣದ ಗೀಟು ಎಳೆದರು. ಹುಡುಗ ಗಾಲಿಯನ್ನು ಪೂರ್ತಿ ಎರಡು ಸುತ್ತು ತಿರುಗಿಸಿದ. ಅಡಿಯಲ್ಲಿ ಮಲಗಿದ್ದ ಮೇಸ್ತ್ರಿ ಶಾಫ್ಟಿನ ಗೀಟು ಎಣಿಸಿದರು: ಐದು ಸುತ್ತು, ಮೇಲೆ ಮೂರನೇ ಒಂದಕ್ಕಿಂತ ತುಸು ಜಾಸ್ತಿ.

"ನಲವತ್ಮೂರಕ್ಕೆ ಎಂಟು."

ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಈ ಲೆಕ್ಕಕ್ಕೊಂದು ಹಿನ್ನೆಲೆ ಇದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದು 39ಕ್ಕೆ 8. ಯುದ್ಧ ಮುಗಿದು, ಅದೇ ಜೀಪನ್ನು ಹೊಲದ ಕೆಲಸಕ್ಕೆಂದು 1945ರಲ್ಲಿ ಮಾರುಕಟ್ಟೆಗೆ ಬಿಟ್ಟಾಗ ವೇಗ ತಗ್ಗಿಸಿ ಎಳೆತ ಹೆಚ್ಚಿಸಿದರು, ಹಲ್ಲು 43 ಆಯಿತು. 1953ರಲ್ಲಿ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿಯಲ್ಲೂ ಅದೇ ಉಳಿಯಿತು. ಆ ಮಾದರಿಯನ್ನು ಅಮೆರಿಕದಲ್ಲಿ 1968ಕ್ಕೆ ನಿಲ್ಲಿಸಿದ ಮೇಲೂ ಮಹೀಂದ್ರ ಅದರ ಮುಖವನ್ನು ದಶಕಗಟ್ಟಲೆ ನಮ್ಮ ಗುಡ್ಡಗಳಲ್ಲಿ ಉಳಿಸಿತು.

43ಕ್ಕೂ 8ಕ್ಕೂ ಸಮಾನವಾಗಿ ಭಾಗವಾಗುವ ಸಂಖ್ಯೆ ಒಂದನ್ನು ಬಿಟ್ಟರೆ ಬೇರಿಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ನಲವತ್ತಮೂರು ಹಲ್ಲುಗಳನ್ನೂ ಸರದಿಯ ಮೇಲೆ ಮುಟ್ಟುತ್ತದೆ, ಒಂದೇ ಜೋಡಿ ಮತ್ತೆ ಎದುರಾಗಲು ಕ್ರೌನ್ ಎಂಟು ಸುತ್ತು ಹಾಕಬೇಕು. ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಇದನ್ನು ಲೆಕ್ಕ ಹಾಕಿದ ಎಂಜಿನಿಯರುಗಳ ಬಗ್ಗೆ ನನಗೆ ಗೌರವ ಉಕ್ಕುತ್ತದೆ. ಕ್ರೌನ್, ಪಿನಿಯನ್ನುಗಳನ್ನು ಕಾರ್ಖಾನೆಯಲ್ಲೇ ಒಟ್ಟಿಗೆ ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕಿದರೆ ಗಾಡಿ ಕೂಗುತ್ತದೆ, ಬೇಗ ಹಾಳಾಗುತ್ತದೆ.

ಗುಜರಿಯಲ್ಲಿ ಹೊರಗಿನಿಂದ ಎಲ್ಲವೂ ಒಂದೇ ಥರ. ಎಣಿಸದೆ 39ರದ್ದನ್ನು ಮುಂದಕ್ಕೆ ಹಾಕಿಬಿಟ್ಟರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ವೇಗದ ವ್ಯತ್ಯಾಸ. ಎರಡೇ ಗಾಲಿ ಎಳೆಯುವಾಗ ಏನೂ ಗೊತ್ತಾಗದು. ಕೆಸರಿನಲ್ಲಿ ಲಿವರ್ ಹಾಕಿದ ದಿನ ಗಾಡಿ ತನ್ನೊಳಗೇ ಕಿತ್ತಾಡುತ್ತದೆ. ಮೇಸ್ತ್ರಿ ಗೋಣಿ ಬಿಡಿಸಿ, ಕ್ರೌನಿನ ಒಂದು ಹಲ್ಲಿಗೆ ಸುಣ್ಣ ಹಚ್ಚಿ, ಉಗುರಿನಿಂದ ಒಂದೊಂದೇ ಹಲ್ಲು ಮುಟ್ಟುತ್ತ ಎಣಿಸಿದರು. ಸರಿಯಾಗಿತ್ತು.

ಬೇರಿಂಗು, ಸೀಲುಗಳೆಲ್ಲ ಹೊಸವು. ಪಿನಿಯನ್ ಎಷ್ಟು ಒಳಗೆ ಕೂರಬೇಕು, ಕ್ರೌನ್ ಅದರಿಂದ ಎಷ್ಟು ದೂರವಿರಬೇಕು ಎಂಬುದೆಲ್ಲ ಕಾಗದದಷ್ಟು ತೆಳುವಾದ ಉಕ್ಕಿನ ಶಿಮ್ಮುಗಳ ಮೇಲೆ ನಿಂತಿದೆ. ಹಲ್ಲು ಹಲ್ಲಿನ ನಡುವೆ ಬಿಡಬೇಕಾದ ಸಡಿಲು ಮಿಲಿಮೀಟರಿನ ಆರನೇ ಒಂದು ಭಾಗದ ಆಸುಪಾಸು. ಹಲ್ಲುಗಳಿಗೆ ನೀಲಿ ಬಣ್ಣ ಸವರಿ ಕೈಯಲ್ಲಿ ತಿರುಗಿಸಿದರು. ಮೊದಲ ಸಲ ಗುರುತು ಹಲ್ಲಿನ ತಲೆಯ ಕಡೆಗೆ ಬಿತ್ತು. ಪೂರ್ತಿ ಬಿಚ್ಚಿ, ಪಿನಿಯನ್ನಿನ ಹಿಂದೆ ಇನ್ನೊಂದು ಶಿಮ್ ಸೇರಿಸಿ, ಮತ್ತೆ ಕೂರಿಸಿ, ಮತ್ತೆ ಬಣ್ಣ. ಗುರುತು ನಡುವಿಗೆ ಬಂದು ನಿಲ್ಲುವವರೆಗೂ ಅವರು ಊಟಕ್ಕೆ ಏಳಲಿಲ್ಲ. ಹೊರಗೆ ಕಾದಿದ್ದ ಮೂರು ಜೀಪಿನವರೂ ಅವಸರ ಮಾಡಲಿಲ್ಲ.

ಸಂಜೆ ಗೌಡರ ತೋಟದ ಏರಿನಲ್ಲಿ ಪರೀಕ್ಷೆ. ಪಿಕಪ್ಪಿನಲ್ಲಿ ಗೊಬ್ಬರದ ಮೂಟೆ ತುಂಬಿ, ಲೋ ಗೇರಿಗೆ ಹಾಕಿ, ಕ್ಲಚ್ ಬಿಟ್ಟರು. ಹಿಂದಿನ ಗಾಲಿ ಒಮ್ಮೆ ಜಾರಿತು, ಅಷ್ಟರಲ್ಲಿ ಮುಂದಿನವು ನೆಲ ಹಿಡಿದು ಗಾಡಿಯನ್ನು ಮೇಲಕ್ಕೆಳೆದವು. ಮೇಲೆ ನಿಲ್ಲಿಸಿ ಮೇಸ್ತ್ರಿ ಹೌಸಿಂಗಿಗೆ ಹಿಂಗೈ ಒತ್ತಿ ನೋಡಿದರು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

"ಐನೂರು ಕಿಲೋಮೀಟರ್ ಆದ್ಮೇಲೆ ಆಯಿಲ್ ಬದಲಾಯ್ಸಿ ಗೌಡ್ರೇ, ಮರೀಬೇಡಿ. ಹಳ್ಳ ದಾಟಿದ ದಿನ ಪ್ಲಗ್ ಒಂಚೂರು ಸಡ್ಲ ಮಾಡಿ ನೋಡಿ. ಮತ್ತೆ ನಿಮ್ಮ ಡ್ರೈವರ್‌ಗೆ ಹೇಳಿ, ಟಾರು ಸಿಕ್ಕಿದ ಕೂಡ್ಲೇ ಲಿವರ್ ತೆಗೀಬೇಕು ಅಂತ."

ಗೌಡರು ಡ್ರೈವರನನ್ನು ಅಲ್ಲೇ ಕರೆದು, ಮೇಸ್ತ್ರಿಯ ಎದುರಲ್ಲೇ ಹೇಳಿಸಿದರು.