ಕೂಡಿಟ್ಟ ಬಿಸಿಲು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ನದಿಯು ಹೊಸನಗರ ತಾಲ್ಲೂಕಿನ ಮೂಲಕ ಹರಿದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತದೆ. ಈ ನದಿಯ ನೀರಿನಿಂದ ವಿದ್ಯುತ್ತನ್ನು ಪಡೆಯುವ ಜೋಗದ ವಿದ್ಯುದಾಗಾರವು 1948ರಲ್ಲಿ ಕಾರ್ಯಾರಂಭ ಮಾಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಅದರ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು ತಮ್ಮ ಗದ್ದೆ ತೋಟಗಳೊಡನೆ ಮುಳುಗಿದುವು. ಹೀಗೆ ನಾಡಿಗೆಲ್ಲ ಬೆಳಕನ್ನು ಕೊಟ್ಟ ಸೀಮೆಯಲ್ಲಿಯೇ ಮಳೆಗಾಲದ ಎಷ್ಟೋ ರಾತ್ರಿಗಳಲ್ಲಿ ಮನೆಗಳು ಕತ್ತಲಾಗುವುದುಂಟು. ಇಲ್ಲಿ ಮನೆಗಳು ಒಂದೊಂದಾಗಿ ಕಣಿವೆಗಳಲ್ಲಿ ಚದುರಿವೆ. ವಿದ್ಯುತ್ ತಂತಿಗಳು ಕಾಡಿನ ನಡುವೆ ಹಾದುಬರಬೇಕು. ಗಾಳಿಮಳೆಗೆ ಒಂದು ಮರ ತಂತಿಯ ಮೇಲೆ ಉರುಳಿದರೂ ಸಾಕು, ಅದನ್ನು ಸರಿಪಡಿಸುವವರೆಗೆ ದೀಪವಿಲ್ಲ. ಆದುದರಿಂದ ಇಲ್ಲಿನ ಅನೇಕರು ತಮ್ಮ ಮನೆಯ ಛಾವಣಿಯ ಮೇಲೆಯೇ ವಿದ್ಯುತ್ತನ್ನು ಉತ್ಪಾದಿಸಿಕೊಳ್ಳುವ ಮಾರ್ಗವನ್ನು ಹಿಡಿದಿದ್ದಾರೆ.

ಇದಕ್ಕೆ ಸಾಧನ ಸೌರಫಲಕ. ಸಿಲಿಕಾನ್ ಎಂಬ ಧಾತುವಿನಿಂದ ಮಾಡಿದ ತೆಳುವಾದ ಬಿಲ್ಲೆಯ ಮೇಲೆ ಬೆಳಕು ಬಿದ್ದಾಗ ಅದರಲ್ಲಿನ ಎಲೆಕ್ಟ್ರಾನುಗಳು ಚಲಿಸಿ, ವಿದ್ಯುತ್ ಹರಿಯುತ್ತದೆ. ಉಪಯೋಗಕ್ಕೆ ತಕ್ಕಂತಹ ಸಿಲಿಕಾನ್ ಕೋಶವನ್ನು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಇಂತಹ ಹಲವು ಕೋಶಗಳನ್ನು ಸಾಲಾಗಿ ಜೋಡಿಸಿದರೆ ಫಲಕವಾಗುತ್ತದೆ.

ಆದರೆ ಬಿಸಿಲಿರುವುದು ಹಗಲಿನಲ್ಲಿ, ದೀಪ ಬೇಕಾಗುವುದು ಇರುಳಿನಲ್ಲಿ. ಈ ಅಂತರವನ್ನು ತುಂಬುವುದು ಬ್ಯಾಟರಿ. ಸಾಮಾನ್ಯ ಬ್ಯಾಟರಿಯಲ್ಲಿ ಸೀಸದ ತಗಡುಗಳು ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಹಗಲಿನಲ್ಲಿ ಬಂದ ವಿದ್ಯುತ್ತು ಅಲ್ಲಿ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡುತ್ತದೆ. ರಾತ್ರಿ ಆ ಬದಲಾವಣೆಯು ಹಿಮ್ಮುಖವಾಗಿ ನಡೆದು ವಿದ್ಯುತ್ತು ಮರಳಿ ದೊರೆಯುತ್ತದೆ. ಬ್ಯಾಟರಿಯು ಅತಿಯಾಗಿ ತುಂಬದಂತೆಯೂ ಪೂರ್ತಿ ಬರಿದಾಗದಂತೆಯೂ ಕಾಯುವ ಉಪಕರಣವೇ ಚಾರ್ಜ್ ಕಂಟ್ರೋಲರ್. ಬ್ಯಾಟರಿಯಿಂದ ಬರುವ ನೇರ ಪ್ರವಾಹವನ್ನು ಮನೆಯ ಉಪಕರಣಗಳಿಗೆ ಬೇಕಾದ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವುದು ಇನ್ವರ್ಟರ್.

ಬ್ಯಾಟರಿಯಿಲ್ಲದೆ, ಫಲಕವನ್ನು ನೇರವಾಗಿ ಊರಿನ ವಿದ್ಯುತ್ ಜಾಲಕ್ಕೆ ಜೋಡಿಸುವ ವ್ಯವಸ್ಥೆಯೂ ಉಂಟು. ಆದರೆ ಜಾಲದಲ್ಲಿ ವಿದ್ಯುತ್ ನಿಂತೊಡನೆ ಅದೂ ತಾನಾಗಿ ನಿಂತುಬಿಡುತ್ತದೆ. ಇಲ್ಲವಾದರೆ ಕಂಬವೇರಿ ದುರಸ್ತಿ ಮಾಡುವ ಕೆಲಸಗಾರನಿಗೆ ನಮ್ಮ ಮನೆಯ ವಿದ್ಯುತ್ತು ತಗುಲಿ ಪ್ರಾಣಾಪಾಯವಾದೀತು. ಆದುದರಿಂದ ಕತ್ತಲೆಯನ್ನು ನೀಗಬೇಕಾದ ಮಲೆನಾಡಿನ ಮನೆಗೆ ಬ್ಯಾಟರಿ ಅಗತ್ಯ.

ಈಗ ಒಂದು ಲೆಕ್ಕವನ್ನು ನೋಡೋಣ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,200 ವಾಟ್-ಗಂಟೆಗಳಷ್ಟು ಶಕ್ತಿಯಿರುತ್ತದೆ. ಸೀಸದ ಬ್ಯಾಟರಿಯು ಬಹುಕಾಲ ಬಾಳಬೇಕಾದರೆ ಅದರಲ್ಲಿ ಅರ್ಧವನ್ನು, ಎಂದರೆ 600 ವಾಟ್-ಗಂಟೆಗಳನ್ನು ಮಾತ್ರ ಬಳಸುವುದು ಲೇಸು. 5 ವಾಟಿನ 4 ಎಲ್‌ಇಡಿ ದೀಪಗಳನ್ನು ದಿನಕ್ಕೆ 5 ಗಂಟೆ ಉರಿಸಿದರೆ 100 ವಾಟ್-ಗಂಟೆಗಳು ಖರ್ಚಾಗುತ್ತವೆ. ನಷ್ಟವನ್ನು ಕಳೆದರೂ, ಸೂರ್ಯನ ಮುಖವನ್ನೇ ಕಾಣದೆ ಐದು ದಿನ ಮನೆ ಬೆಳಗೀತು. ಅದೇ ಬ್ಯಾಟರಿಯಿಂದ ಒಂದು ಅಶ್ವಶಕ್ತಿಯ ಪಂಪನ್ನು ಓಡಿಸಹೊರಟರೆ, ಒಂದು ಗಂಟೆಯೊಳಗೆ ಎಲ್ಲವೂ ಮುಗಿದುಹೋಗುತ್ತದೆ.

ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ದಟ್ಟ ಮೋಡ ಕವಿದ ದಿನ ಫಲಕದ ಉತ್ಪಾದನೆಯು ಐದನೆಯ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಯಬಹುದು. ಆದುದರಿಂದ ಇಲ್ಲಿ ಫಲಕದ ಗಾತ್ರವನ್ನು ಬೇಸಗೆಯ ಬಿಸಿಲನ್ನು ನಂಬಿ ನಿರ್ಧರಿಸದೆ, ಆಷಾಢದ ಮೋಡವನ್ನು ನೆನೆದು ನಿರ್ಧರಿಸಬೇಕು. ನೆರಳಿನ ವಿಷಯದಲ್ಲಿಯೂ ಎಚ್ಚರ ಬೇಕು. ಕೋಶಗಳು ಸರಪಳಿಯ ಕೊಂಡಿಗಳಂತೆ ಜೋಡಣೆಗೊಂಡಿರುವುದರಿಂದ, ಒಂದು ಅಡಕೆಮರದ ನೆರಳು ಕೆಲವೇ ಕೋಶಗಳ ಮೇಲೆ ಬಿದ್ದರೂ ಫಲಕದ ಉತ್ಪಾದನೆಯು ಬಹಳಷ್ಟು ಕುಗ್ಗುತ್ತದೆ. ಉದುರಿದ ಎಲೆಗಳನ್ನೂ ಪಾಚಿಯನ್ನೂ ಆಗಾಗ ತೊಳೆಯಬೇಕು. ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು; ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುವುದರಿಂದ ಅದನ್ನು ಗಾಳಿಯಾಡುವೆಡೆಯಲ್ಲಿ, ಒಲೆಯಿಂದ ದೂರದಲ್ಲಿ ಇಡಬೇಕು.

ಇಂತಹ ಸಾಧನಗಳು ಬಡವರಿಗೆ ನಿಲುಕಲಾರವೆಂಬ ಭಾವನೆ ಹಿಂದೆ ಇತ್ತು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದವರಲ್ಲೊಬ್ಬರಾದ ಹರೀಶ್ ಹಂದೆಯವರು, ಬ್ಯಾಂಕುಗಳ ಸಾಲದ ನೆರವಿನಿಂದ ಕರ್ನಾಟಕದ ಹಳ್ಳಿಗಳಲ್ಲಿ ಸೌರದೀಪಗಳನ್ನು ಹರಡಿ ಆ ಭಾವನೆಯನ್ನು ಅಳಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಲಿಂಗನಮಕ್ಕಿಯ ಜಲಾಶಯವು ಮಳೆಗಾಲದ ನೀರನ್ನು ಬೇಸಗೆಗಾಗಿ ಕಾದಿಡುತ್ತದೆ. ಮನೆಯ ಬ್ಯಾಟರಿಯು ಹಗಲಿನ ಬಿಸಿಲನ್ನು ಇರುಳಿಗಾಗಿ ಕಾದಿಡುತ್ತದೆ. ಬೇಸಗೆಯ ಬಿಸಿಲನ್ನು ಮಳೆಗಾಲದವರೆಗೆ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಒಂದು ಮತ್ತೊಂದರ ಸ್ಥಾನವನ್ನು ತುಂಬಲಾರದು. ಒಂದು ಸೋತಲ್ಲಿ ಮತ್ತೊಂದು ಕೈಹಿಡಿಯುತ್ತದೆ. ಮಳೆ ಹಿಡಿಯುವ ಮುನ್ನ ಸೌದೆಯನ್ನು ಒಟ್ಟಿಟ್ಟು, ಅದನ್ನು ಹಿತಮಿತವಾಗಿ ಉರಿಸಿ ಕಾಲ ಕಳೆದ ಮಲೆನಾಡಿನವರಿಗೆ ಈ ಪಾಠ ಹೊಸತಲ್ಲ. ಕೂಡಿಡುವುದರ ಜೊತೆಗೆ ಅಳೆದು ಬಳಸುವುದನ್ನೂ ಬಲ್ಲವನ ಮನೆಯಲ್ಲಿ ದೀಪ ಆರದು.