ಓಡುವ ಕಾರಿನಲ್ಲಿ ನಿಲ್ಲುವ ಕಣ್ಣು

ಮೊಣಕಾಲಿನ ನೋವಿನಿಂದ ದೂರಪ್ರಯಾಣವನ್ನೇ ಬಿಟ್ಟಿರುವ ನಮ್ಮ ತಾಯಿಯವರಿಗೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಅವರ ತವರಿನ ದಾರಿಯನ್ನು, ಕಾಡು ಗದ್ದೆ ಅಡಕೆತೋಟಗಳು ಕಾರಿನ ಮುಂಗಾಜಿನಾಚೆ ಒಂದೊಂದಾಗಿ ತೆರೆದುಕೊಳ್ಳುವ ಕ್ರಮದಲ್ಲಿಯೇ, ಕುಳಿತಲ್ಲಿಗೆ ತಂದು ತೋರಿಸಬೇಕೆಂಬ ಆಸೆಯಿಂದ, ಕಳೆದ ಕಾರ್ತಿಕದಲ್ಲಿ, ಸೋದರಳಿಯನು ಕಾರು ನಡೆಸುತ್ತಿರಲು ನಾನು ಪಕ್ಕದಲ್ಲಿ ಕುಳಿತು ಮೊಬೈಲನ್ನು ಕೈಯಲ್ಲಿ ಹಿಡಿದು ಚಿತ್ರೀಕರಿಸಿದೆನು. ತಾಯಿಯವರು ಎರಡು ನಿಮಿಷ ನೋಡಿ, "ತಲೆ ಸುತ್ತುತ್ತೆ ಕಣೋ, ನಿಲ್ಸು" ಎಂದು ಕಣ್ಣು ಮುಚ್ಚಿಕೊಂಡರು. ಚಿತ್ರದ ಕಂಪನವನ್ನು ನಿಗ್ರಹಿಸುವ ಆಸರೆಯೊಂದನ್ನು ಮನೆಯಲ್ಲಿಯೇ ನಿರ್ಮಿಸುವ ಪ್ರಯತ್ನ ಅಂದು ಮೊದಲಾಯಿತು.

ಕಾರಿನಲ್ಲಿ ಕುಳಿತವನಿಗೆ ಸುತ್ತದ ತಲೆ ಚಿತ್ರ ನೋಡಿದವರಿಗೇಕೆ ಸುತ್ತಬೇಕು? ನಮ್ಮ ಒಳಕಿವಿಯಲ್ಲಿರುವ ಸಮತೋಲದ ಅಂಗವು ತಲೆಯ ಅಲುಗಾಟವನ್ನು ತಿಳಿದು, ಕಣ್ಣಾಲಿಗಳನ್ನು ಅದಕ್ಕೆ ಪ್ರತಿಯಾಗಿ ಕೂಡಲೇ ತಿರುಗಿಸುವುದರಿಂದ ಲೋಕವು ನಮಗೆ ನಿಶ್ಚಲವಾಗಿ ತೋರುತ್ತದೆ. ಕ್ಯಾಮೆರಾಕ್ಕೆ ಆ ಸಹಜಭಾಗ್ಯವಿಲ್ಲ. ಕಾರಿನ ಒಡಲು ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದೆರಡು ಬಾರಿ ತೂಗುತ್ತದೆ. ಚಕ್ರಗಳು ಹತ್ತು ಹದಿನೈದು ಬಾರಿ ಅದುರುತ್ತವೆ. ನಿಮಿಷಕ್ಕೆ 800 ಸುತ್ತು ತಿರುಗುತ್ತಿರುವ ನಾಲ್ಕು ಸಿಲಿಂಡರಿನ ಎಂಜಿನ್ನು ಸೆಕೆಂಡಿಗೆ ಸುಮಾರು 27 ಬಾರಿ ಮಿಡಿಯುತ್ತದೆ.

ಈ ಕಂಪನಗಳಲ್ಲಿ ಚಿತ್ರವನ್ನು ನಿಜವಾಗಿ ಕೆಡಿಸುವುದು ಕ್ಯಾಮೆರಾದ ಏರಿಳಿತಕ್ಕಿಂತ ಅದರ ಓಲಾಟ. 1920 ಪಿಕ್ಸೆಲ್ ಅಗಲದ ಚಿತ್ರವು 60 ಡಿಗ್ರಿಯ ನೋಟವನ್ನು ಹಿಡಿಯುವುದಾದರೆ, ಕ್ಯಾಮೆರಾ ಒಂದು ಡಿಗ್ರಿ ಓಲಿದರೂ ದೃಶ್ಯವೆಲ್ಲ ಸುಮಾರು 32 ಪಿಕ್ಸೆಲ್ ಜಿಗಿಯುತ್ತದೆ. ಓಲದೆ ಎರಡು ಮಿಲಿಮೀಟರ್ ಮೇಲಕ್ಕೆದ್ದರೆ, ನೂರು ಮೀಟರ್ ದೂರದ ಮರವು ಒಂದು ಪಿಕ್ಸೆಲ್ಲಿನಷ್ಟೂ ಕದಲುವುದಿಲ್ಲ.

ಇದನ್ನರಿಯದೆ ನಾನು ಮೊದಲು ಮುಂದಿನ ಸೀಟಿನ ಹೆಡ್‌ರೆಸ್ಟ್ ಕಂಬಿಗಳಿಗೆ ಅಡಿಯುದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಬಿಗಿದು, ಅದರ ತುದಿಯಲ್ಲಿ ಮೊಬೈಲನ್ನು ನಿಲ್ಲಿಸಿದೆನು; ಉದ್ದನೆಯ ತೋಳಿನ ತುದಿ ಪ್ರತಿಯೊಂದು ಹಳ್ಳಕ್ಕೂ ತಲೆದೂಗಿತು. ಎರಡನೆಯ ಬಾರಿ ಡ್ಯಾಶ್‌ಬೋರ್ಡಿನ ಮೇಲೆ ಮೆತ್ತನೆಯ ಸ್ಪಂಜಿನ ಆಸನವನ್ನು ಮಾಡಿದೆನು. ಅಲುಗಾಟ ಮತ್ತಷ್ಟು ಹೆಚ್ಚಿತು. ಮೆತ್ತನೆಯ ಆಸರೆಗೂ ತನ್ನದೇ ಆದ ಒಂದು ಲಯವುಂಟು; ಆ ಲಯದ ಸುಮಾರು 1.4 ಪಟ್ಟಿಗಿಂತ ವೇಗವಾದ ಕಂಪನವನ್ನು ಮಾತ್ರ ಅದು ತಗ್ಗಿಸಬಲ್ಲುದು, ಸಮಲಯದ ಕಂಪನವನ್ನಾದರೋ, ಜೋಕಾಲಿಯನ್ನು ಹದವರಿತು ತಳ್ಳಿದಂತೆ, ಬೆಳೆಸಿಬಿಡುತ್ತದೆ.

ಮೂರನೆಯದು ಅಡುಗೆಮನೆಯಿಂದ ಬಂದಿತು. ದಪ್ಪ ಕ್ಯಾನ್ವಾಸಿನ ಚೀಲದಲ್ಲಿ ಎರಡು ಕಿಲೋ ರಾಗಿಯನ್ನು ತುಂಬಿ ಬಾಯಿ ಹೊಲಿದು, ಮೇಲೊಂದು ಗೇಣುದ್ದದ ಪ್ಲೈವುಡ್ ಹಲಗೆಯಿರಿಸಿ, ಮೊಬೈಲನ್ನು ಆ ಹಲಗೆಗೆ ಅಂಟಿದಂತೆಯೇ ಕಟ್ಟಿ, ಎಲ್ಲವನ್ನೂ ಡ್ಯಾಶ್‌ಬೋರ್ಡಿನ ನಡುವೆ ರಬ್ಬರ್ ಹಾಸಿನ ಮೇಲೆ ಪಟ್ಟಿಗಳಿಂದ ಬಿಗಿದೆವು. ರಾಗಿಯ ಭಾರ ಸಣ್ಣ ಕಂಪನಗಳಿಗೆ ಜಗ್ಗುವುದಿಲ್ಲ. ಜಗ್ಗಿದಷ್ಟನ್ನು ಕಾಳುಕಾಳುಗಳ ತಿಕ್ಕಾಟವೇ ನುಂಗಿಬಿಡುತ್ತದೆ.

ಪರೀಕ್ಷೆಗೆ ನಾವು ಹಿಡಿದ ವಿಧಾನ ಸರಳವಾದುದು: ಅದೇ ರಸ್ತೆ, ಗಂಟೆಗೆ 40 ಕಿಲೋಮೀಟರ್ ವೇಗ, ಒಂದು ಸಲಕ್ಕೆ ಒಂದೇ ಬದಲಾವಣೆ. ಚಿತ್ರದ ಅಂಚಿನಲ್ಲಿ ಬಾನೆಟ್ಟಿನ ಮೂಲೆ ಕಾಣುವಂತೆ ನೋಡಿಕೊಂಡೆವು. ಆ ಮೂಲೆ ಚೌಕಟ್ಟಿನಲ್ಲಿ ಅಲುಗಿದರೆ ದೋಷ ಆಸರೆಯದು, ಅದು ನಿಂತು ಗುಡ್ಡ ಅಲುಗಿದರೆ ಅಲುಗುತ್ತಿರುವುದು ಕಾರು. ರಾಗಿಚೀಲದ ಮೇಲೆ ಮೂಲೆ ನಿಂತಿತು. ಆದರೂ ತಿರುವುಗಳಲ್ಲಿ ದೃಶ್ಯವು ತಡೆದು ಜಿಗಿಯುತ್ತಿದ್ದಿತು. ಮೊಬೈಲಿನೊಳಗಿನ ಎಲೆಕ್ಟ್ರಾನಿಕ್ ಸ್ಥಿರೀಕರಣವು ಕಾರಿನ ತಿರುವನ್ನೂ ಕೈನಡುಕವೆಂದೇ ಭ್ರಮಿಸಿ ಅಳಿಸಲೆತ್ನಿಸುತ್ತಿತ್ತು. ಅದನ್ನು ಆರಿಸಿದೊಡನೆ ಜಿಗಿತ ನಿಂತಿತು.

ಆಸರೆ ಗಿಡ್ಡವಾಗಿರಲಿ, ಭಾರವಾಗಿರಲಿ, ಕಾರಿನ ಒಡಲೊಡನೆ ಒಂದಾಗಿರಲಿ. ಕಾರಿಗೆ ಈಗಾಗಲೇ ಸ್ಪ್ರಿಂಗುಗಳಿರುವಾಗ ಕ್ಯಾಮೆರಾಕ್ಕೆ ಬೇರೊಂದು ಸ್ಪ್ರಿಂಗ್ ಬೇಕಿಲ್ಲವೆಂಬುದೇ ನನ್ನ ನಿರ್ಣಯ. ಇದನ್ನು ಮಾಡಿನೋಡುವವರು ಚೀಲವನ್ನು ಚಾಲಕನ ನೋಟಕ್ಕಾಗಲಿ ಗಾಳಿಚೀಲದ ಮುಚ್ಚಳಕ್ಕಾಗಲಿ ಅಡ್ಡವಾಗಿಡಬಾರದು. ಬಿಗಿಯದೆ ಬಿಟ್ಟರೆ, ಬ್ರೇಕು ಹಾಕಿದಾಗ ಎರಡು ಕಿಲೋ ರಾಗಿಯು ಕಲ್ಲಿನಂತೆ ಮುನ್ನುಗ್ಗೀತು. ಕಾರು ಹೊರಡುವ ಮೊದಲೇ ಕ್ಯಾಮೆರಾವನ್ನು ಚಾಲೂ ಮಾಡಬೇಕು. ಆ ಬಳಿಕ ಚಾಲಕನ ಕೈ ಸ್ಟಿಯರಿಂಗನ್ನು ಬಿಟ್ಟು ಅದರತ್ತ ಹೋಗಕೂಡದು.

ಹೊಸ ಚಿತ್ರ ಇಪ್ಪತ್ತೆರಡು ನಿಮಿಷದ್ದು. ತಾಯಿಯವರು ಅದನ್ನು ಕೊನೆಯವರೆಗೂ ನೋಡಿದರು.